ಜೇಬಿನಲ್ಲಿ ಹಿಡಿಯುವ ಸಕಲಯಂತ್ರ

ಹಾಸ್ಟೆಲಿನ ಗೆಳೆಯರು ನನ್ನನ್ನು ‘ಮರದ ಫೋನಿನವನು’ ಎಂದು ಕರೆಯುವುದುಂಟು. ಆ ಹೆಸರು ಬಂದ ಬಗೆಯನ್ನು ಹೇಳಿಯೇ ವಿಷಯಕ್ಕೆ ಬರುವುದು ಮೇಲು.

ಕಳೆದ ಮಳೆಗಾಲದ ಒಂದು ರಾತ್ರಿ, ಕರೆಂಟು ಹೋಗಿದ್ದಾಗ, ನಾನು ಫೋನಿನಲ್ಲಿ ಕಾರಿನ ಪಂದ್ಯವಾಡುತ್ತ ಕುಳಿತಿದ್ದೆ. ಬ್ಯಾಟರಿ ಮುಗಿಯಿತು, ಮಲಗಿಬಿಟ್ಟೆ. ಅದೇ ರಾತ್ರಿ ಊರಿನಲ್ಲಿ ಅವ್ವನಿಗೆ ಉಸಿರು ಕಟ್ಟಿದಂತಾಗಿ ಆಸ್ಪತ್ರೆಗೆ ಸೇರಿಸಿದ್ದರು. ಅಪ್ಪ ಬೆಳಗಿನವರೆಗೂ ಮತ್ತೆ ಮತ್ತೆ ಫೋನ್ ಮಾಡಿದರಂತೆ. ಅವ್ವ ಗುಣವಾದಳು. ಅಪ್ಪ ಬೈಯಲಿಲ್ಲ, “ಫೋನ್ ಕೆಟ್ಟಿತ್ತೇನೋ?” ಎಂದಷ್ಟೇ ಕೇಳಿದರು. ನಾನು ಹೌದೆಂದೆ.

ಆ ಸುಳ್ಳು ಮನಸ್ಸಿನಲ್ಲಿ ಕೊರೆಯುತ್ತಿದ್ದುದರಿಂದಲೇ ಇರಬೇಕು, ಮಾತು, ಆಟ, ಗಣಕ ಈ ಮೂರನ್ನೂ ಹಿಡಿಸುವ ಯಂತ್ರವನ್ನು ನಾನೇ ರೂಪಿಸುವುದಾದರೆ ಹೇಗೆ ರೂಪಿಸಿಯೇನು ಎಂದು ಯೋಚಿಸತೊಡಗಿದೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಮೊದಲು ತೋಚಿದುದು, ಹಿಂದಿನವರು ಎಲ್ಲಿ ಎಡವಿದರೆಂದು ನೋಡುವುದು.

ಈ ವಂಶದ ಹಿರಿಯ 1994ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಐಬಿಎಂ ಸೈಮನ್. ಫೋನು, ಟಪಾಲು, ಫ್ಯಾಕ್ಸು, ಪಂಚಾಂಗ, ಒಂದು ಆಟ, ಎಲ್ಲವೂ ಅದರಲ್ಲಿದ್ದವು. ತೂಕ ಮಾತ್ರ ಅರ್ಧ ಕಿಲೋ, ಬ್ಯಾಟರಿಯ ಆಯುಷ್ಯ ಸುಮಾರು ಒಂದು ಗಂಟೆಯ ಮಾತು.

ಹೆಚ್ಚು ಪಾಠ ಕಲಿಸಿದುದು 2003ರ ನೋಕಿಯಾ ಎನ್‌-ಗೇಜ್. ಆಟದ ಯಂತ್ರವನ್ನೂ ಫೋನನ್ನೂ ಬೆಸೆಯುವ ಸಾಹಸವದು. ಆಟ ಬದಲಿಸಬೇಕೆಂದರೆ ಹಿಂಬದಿಯನ್ನು ಬಿಚ್ಚಿ, ಬ್ಯಾಟರಿ ತೆಗೆದು, ಅದರಡಿಯಲ್ಲಿ ಕಾರ್ಡು ಸೇರಿಸಬೇಕಾಗಿತ್ತು. ಮಾತಾಡುವಾಗಲಂತೂ ಯಂತ್ರದ ಅಂಚನ್ನು ಕಿವಿಗೆ ಹಿಡಿಯಬೇಕು; ನೋಡುವವರಿಗೆ ಮೊರವನ್ನು ಕಿವಿಗೆ ಕಟ್ಟಿಕೊಂಡಂತೆ ಕಾಣುತ್ತಿದ್ದಿರಬೇಕು! 2004ರ ಹೊಸ ಮಾದರಿಯಲ್ಲಿ ಇವೆರಡನ್ನೂ ಸರಿಪಡಿಸಿದರು; ಆದರೆ ಹಾಡು ಕೇಳುವ ಏರ್ಪಾಡನ್ನೂ ರೇಡಿಯೋವನ್ನೂ ಕೈಬಿಟ್ಟರು. ಒಂದನ್ನು ಸೇರಿಸಿದರೆ ಇನ್ನೊಂದು ಜಾಗ ಬಿಡಬೇಕಾದ ಮನೆ ಇದು.

1996ರಲ್ಲಿ ಬಂದ ಪಾಮ್ ಪೈಲಟ್ ಎಂಬ ಅಂಗೈಗಣಕವನ್ನು ರೂಪಿಸುವ ಮುನ್ನ ಜೆಫ್ ಹಾಕಿನ್ಸ್ ಅದೇ ಅಳತೆಯ ಮರದ ತುಂಡನ್ನು ಅಂಗಿಯ ಜೇಬಿನಲ್ಲಿಟ್ಟು ತಿರುಗುತ್ತಿದ್ದರು. ನಾನೂ ಬಡಗಿಯೊಬ್ಬರಿಂದ ತುಂಡೊಂದನ್ನು ಪಡೆದು, ಉಜ್ಜಿ, ಗುಂಡಿಗಳನ್ನು ಪೆನ್ಸಿಲಿನಿಂದ ಬರೆದು, ಹದಿನೈದು ದಿನ ಹೊತ್ತು ತಿರುಗಿದೆ. ಹೆಬ್ಬೆರಳು ಎಟುಕದ ಗುಂಡಿಗಳನ್ನು ಅಳಿಸಿದೆ. ಬಸ್ಸಿನಲ್ಲಿ ಒಂದು ಕೈ ಕಂಬಿ ಹಿಡಿದಿರುತ್ತದೆಂಬುದು ಕಾಗದದ ಮೇಲೆ ಹೊಳೆದಿರಲಿಲ್ಲ.

ನಮ್ಮ ನಾಡಿನ ಸಿಂಪ್ಯೂಟರನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾದೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಇಂಜಿನಿಯರುಗಳೂ ಕೂಡಿ ರೂಪಿಸಿದ ಅಂಗೈಗಣಕವದು. ಬರೆಹವನ್ನು ಕನ್ನಡದಲ್ಲಿ ಓದಿ ಹೇಳಬಲ್ಲದಾಗಿತ್ತು. ಒಂದೇ ಯಂತ್ರವನ್ನು ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡು ತೂರಿಸಿ ಬಳಸಬಹುದಾಗಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಮಾದರಿ ಕೈಯ ಓರೆಯನ್ನು ಅರಿಯಬಲ್ಲದಾಗಿದ್ದು, ಗೋಲಿಯಾಟವನ್ನು ಯಂತ್ರವನ್ನೇ ವಾಲಿಸಿ ಆಡಬಹುದಾಗಿತ್ತು. ಐಫೋನ್ ಬಂದುದು 2007ರಲ್ಲಿ! ಆದರೆ ಅಮಿಡಾದ ಬೆಲೆ ಹತ್ತು ಸಾವಿರ ರೂಪಾಯಿಯ ಸಮೀಪ ಆರಂಭವಾಗುತ್ತಿತ್ತು. ಯಾರಿಗಾಗಿ ರೂಪಿಸಿದರೋ ಅವರ ಕೈಗೆ ಅದು ಎಟುಕಲಿಲ್ಲ. ಮಾರಾಟವೂ ನಿರೀಕ್ಷೆಗಿಂತ ಬಹಳ ಕೆಳಗೆ ನಿಂತಿತು.

ಇನ್ನು ನನ್ನ ಯಂತ್ರ. 5,000 ಮಿಲಿಯಾಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಸುಮಾರು 19 ವಾಟ್-ಗಂಟೆ ಶಕ್ತಿಯಿರುತ್ತದೆ. ಆಟವು 5 ವಾಟ್ ಎಳೆದರೆ ಅದು ನಾಲ್ಕು ಗಂಟೆಯೂ ಬಾಳದು. ಪರದೆ ಆರಿಸಿ ಕರೆಗಾಗಿ ಕಾಯುವ ಫೋನಿಗಾದರೋ ವಾಟಿನ ಅಲ್ಪಾಂಶ ಸಾಕು. ಆದುದರಿಂದ ಹತ್ತರಲ್ಲಿ ಒಂದು ಪಾಲನ್ನು ಕರೆಗೆಂದೇ ಬೀಗ ಹಾಕಿಟ್ಟರೆ ಒಂದು ರಾತ್ರಿಗೆ ಧಾರಾಳ. ಈಗಿನ ಫೋನುಗಳಲ್ಲಿ ಉಳಿತಾಯದ ಏರ್ಪಾಡು ಇಲ್ಲವೆಂದಲ್ಲ. ಆದರೆ ನಾವು ಆಡುತ್ತಲೇ ಇದ್ದರೆ ಅದು ತಡೆಯುವುದಿಲ್ಲ. ನನ್ನ ಯಂತ್ರದಲ್ಲಿ ಆ ಪಾಲು ಬಂದೊಡನೆ ಆಟ ನಿಲ್ಲುವುದು, ಪರದೆ ಆರುವುದು. ಪಕ್ಕದ ಕೆಂಪು ಗುಂಡಿ ಒತ್ತಿದರೆ ಮನೆಗೆ ಕರೆ ಹೋಗುವುದು. “ಗೆಲ್ಲುವ ಹೊತ್ತಿಗೆ ನಿಂತರೆ ಯಾವನು ಕೊಳ್ಳುತ್ತಾನೆ ಮಾರಾಯ?” ಎಂದು ಕೋಣೆಯ ಗೆಳೆಯ ಕೇಳಿದ. ಅವನ ಮಾತಿನಲ್ಲಿ ಹುರುಳಿದೆ, ನನ್ನಲ್ಲಿ ಉತ್ತರವಿಲ್ಲ.

ಯುಗಾದಿಗೆ ಊರಿಗೆ ಹೋದಾಗ ಆ ರಾತ್ರಿಯ ನಿಜವನ್ನು ಅಪ್ಪನಿಗೆ ಹೇಳಿ, ಮರದ ತುಂಡನ್ನು ಕೈಗಿತ್ತೆ. ಅವರು ಬಹಳ ಹೊತ್ತು ತಿರುಗಿಸಿ ನೋಡಿದರು.

“ಕೆಂಪು ಗುಂಡಿ ಇನ್ನೂ ಸ್ವಲ್ಪ ದೊಡ್ಡದಿರಲಿ,” ಎಂದರು. “ಕತ್ತಲಲ್ಲಿ ನಿಮ್ಮವ್ವನ ಕೈಗೂ ಸಿಗಬೇಕು.”