ಕಾಗದದ ಕೊನೆಯ ಸಾಲಿನವರು: ಜಾರ್ಜಿಯಾದ ಜೋನ್ಸ್ ಮನೆತನದ ಪತ್ರಗಳು

ಧ್ವನಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೇನೆ.

ನಮ್ಮ ಗೋಷ್ಠಿ ಗಡಿಯಾಚೆಯ ಕನ್ನಡ ಮನೆಗಳ ಕಾಗದಪತ್ರಗಳ ಬಗ್ಗೆ. ನಾನು ಮಾತ್ರ ಅಮೆರಿಕದ ದಕ್ಷಿಣ ಭಾಗದ ಒಂದು ಮನೆಯ ಪತ್ರಗಳ ಬಗ್ಗೆ ಮಾತಾಡಲಿಕ್ಕೆ ಹೊರಟಿದ್ದೇನೆ. ಅದಕ್ಕೊಂದು ಕಾರಣ ಇದೆ. ಕಾಸರಗೋಡು ಕಡೆಯ ನನ್ನ ಅಜ್ಜಿಮನೆಯ ಅಟ್ಟದಲ್ಲಿ ಒಂದು ಟ್ರಂಕು ತುಂಬ ಕಾರ್ಡು, ಇನ್‌ಲ್ಯಾಂಡ್ ಲೆಟರುಗಳಿವೆ. ಕಳೆದ ರಜೆಯಲ್ಲಿ ಅವನ್ನೆಲ್ಲ ಪಟ್ಟಿ ಮಾಡಿದೆ. ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿದ್ದೆ: ಬರೆದವರು ಯಾರು, ಯಾರಿಗೆ ಬರೆದದ್ದು, ತಾರೀಕು ಯಾವುದು. ಜೋನ್ಸ್ ಮನೆತನದ ಪತ್ರಗಳನ್ನು ಓದಿದ ಮೇಲೆ ಆ ಮೂರು ಕಾಲಂ ಸಾಲದು ಅಂತ ಅನ್ನಿಸಿತು. ನಾಲ್ಕನೆಯದು ಯಾಕೆ ಬೇಕು ಅನ್ನೋದೇ ಇವತ್ತಿನ ನನ್ನ ಮಾತು.

ಮನೆ ಮತ್ತು ಪತ್ರ

ಜಾರ್ಜಿಯಾ ರಾಜ್ಯದ ಕರಾವಳಿಯಲ್ಲಿ, ಸವಾನ್ನಾ ಬಂದರಿನ ದಕ್ಷಿಣಕ್ಕೆ ಲಿಬರ್ಟಿ ಕೌಂಟಿ ಇದೆ. ಅಲ್ಲಿ ಚಾರ್ಲ್ಸ್ ಕಾಲ್ಕಾಕ್ ಜೋನ್ಸ್ (1804–1863) ಎಂಬ ಪ್ರೆಸ್ಬಿಟೇರಿಯನ್ ಪಾದ್ರಿ ಇದ್ದರು. ಅವರಿಗೂ ಹೆಂಡತಿ ಮೇರಿ ಜೋನ್ಸ್‌ಗೂ ಮಾಂಟೆವಿಡಿಯೋ, ಮೇಬ್ಯಾಂಕ್, ಆರ್ಕೇಡಿಯ ಎಂಬ ಮೂರು ತೋಟಗಳಿದ್ದವು. ಬೆಳೆ ಭತ್ತ ಮತ್ತು ಹತ್ತಿ. ದುಡಿಯುವವರು ನೂರಕ್ಕೂ ಹೆಚ್ಚು ಮಂದಿ ಗುಲಾಮರು. ಚಳಿಗಾಲಕ್ಕೆ ಮಾಂಟೆವಿಡಿಯೋ, ಜ್ವರದ ಭಯದ ಬೇಸಗೆಗೆ ಕಡಲ ಗಾಳಿಯ ಮೇಬ್ಯಾಂಕ್. ಹೀಗೆ ಮನೆಯೇ ವರ್ಷಕ್ಕೆರಡು ಸಲ ಜಾಗ ಬದಲಿಸುತ್ತಿತ್ತು.

ಮಕ್ಕಳು ಮೂವರು. ಹಿರಿಯ ಮಗ ಚಾರ್ಲ್ಸ್ ವಕೀಲ, 1860ರಲ್ಲಿ ಸವಾನ್ನಾದ ಮೇಯರ್ ಆದವರು. ಎರಡನೆಯ ಮಗ ಜೋಸೆಫ್ ವೈದ್ಯ. ಮಗಳು ಮೇರಿ ಇನ್ನೊಬ್ಬ ಪಾದ್ರಿಯನ್ನು ಮದುವೆಯಾದವಳು. ಮಕ್ಕಳು ಊರುಬಿಟ್ಟಾಗ ಕಾಗದಗಳು ಶುರುವಾದವು. ರಾಬರ್ಟ್ ಮ್ಯಾನ್ಸನ್ ಮೈಯರ್ಸ್ ಎಂಬ ವಿದ್ವಾಂಸರು 1854ರಿಂದ 1868ರ ವರೆಗಿನ ಸುಮಾರು 1200 ಪತ್ರಗಳನ್ನು ಸಂಪಾದಿಸಿ 1972ರಲ್ಲಿ 'ದಿ ಚಿಲ್ಡ್ರನ್ ಆಫ್ ಪ್ರೈಡ್' ಎಂಬ ಹೆಸರಲ್ಲಿ ತಂದರು. 1800 ಪುಟ ದಾಟುವ ಪುಸ್ತಕ. ಮರುವರ್ಷ ಅದಕ್ಕೆ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಬಂತು.

ಓದಲಿಕ್ಕೆ ಕೂತರೆ ಬಿಡಲಿಕ್ಕೆ ಮನಸ್ಸಾಗುವುದಿಲ್ಲ. ಯಾರಿಗೆ ಜ್ವರ, ಯಾರಿಗೆ ಹೆರಿಗೆ, ಮಳೆ ಹೇಗೆ, ಬೆಳೆ ಹೇಗೆ ಅಂತ ನಮ್ಮ ಅಜ್ಜಂದಿರ ಕಾಗದದಲ್ಲಿ ಇರುವುದೇ ಅಲ್ಲಿಯೂ ಇದೆ. 1861ರ ಜುಲೈ ತಿಂಗಳಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹಿರಿಯ ಮಗ ಚಾರ್ಲ್ಸ್ ತನ್ನ ಪುಟ್ಟ ಮಗಳನ್ನೂ ಹೆಂಡತಿ ರೂತ್‌ಳನ್ನೂ ಕಳೆದುಕೊಂಡರು. ಆಗಷ್ಟೇ ಹುಟ್ಟಿದ್ದ ಇನ್ನೊಂದು ಹೆಣ್ಣುಮಗು ಅಜ್ಜಿಯ ಮಡಿಲು ಸೇರಿತು. ಆ ಹೊತ್ತಿಗೆ ಅಂತರ್ಯುದ್ಧ ಶುರುವಾಗಿ ಮೂರು ತಿಂಗಳು. ವರ್ಷ ಮುಗಿಯುವುದರೊಳಗೆ ಚಾರ್ಲ್ಸ್ ಫಿರಂಗಿ ದಳದ ಅಧಿಕಾರಿ. ಅಲ್ಲಿಂದ ಮುಂದೆ ಒಂದೇ ಕಾಗದದಲ್ಲಿ ತೋಪಿನ ಸುದ್ದಿಯೂ ತಾಯಿಯಿಲ್ಲದ ಮಗುವಿನ ಸುದ್ದಿಯೂ ಇರುತ್ತದೆ.

1863ರ ಮಾರ್ಚ್‌ನಲ್ಲಿ ತಂದೆ ತೀರಿಕೊಂಡರು. 1864ರ ಡಿಸೆಂಬರಿನಲ್ಲಿ ಉತ್ತರದ ಜನರಲ್ ಶೆರ್ಮನ್‌ನ ಸೈನ್ಯ ಸವಾನ್ನಾ ಕಡೆ ಬಂದಾಗ ಅಳಿಯ ಸೆರೆಯಾದ. ಮಾಂಟೆವಿಡಿಯೋದಲ್ಲಿ ವಿಧವೆ ತಾಯಿ, ತುಂಬು ಗರ್ಭಿಣಿ ಮಗಳು. ಸೈನಿಕರು ದಿನ ಬಿಟ್ಟು ದಿನ ಮನೆಗೆ ನುಗ್ಗುತ್ತಿದ್ದರು. ಅಂಚೆ ನಿಂತಿತ್ತು; ತಾಯಿ-ಮಗಳು ದಿನಚರಿ ಬರೆದರು. 1865ರ ಜನವರಿ ಮೊದಲ ವಾರದಲ್ಲಿ, ದಾಳಿಯ ನಡುವೆಯೇ, ಹೆರಿಗೆ ಆಯಿತು. ಇದನ್ನು ಓದುವಾಗ ಆ ಇಬ್ಬರು ಹೆಂಗಸರ ಬಗ್ಗೆ ಕನಿಕರ ಹುಟ್ಟುತ್ತದೆ. ಹುಟ್ಟಬೇಕಾದ್ದೇ. ಆದರೆ ಅದೇ ಅಂಗಳದಲ್ಲಿ ಇನ್ನೂ ಎಷ್ಟೋ ಸಂಸಾರಗಳಿದ್ದವು. ಅವರಿಗೆ ಬಂದದ್ದು ಅದೇ ಸೈನ್ಯ. ಅದರ ಅರ್ಥ ಮಾತ್ರ ಬೇರೆ.

ಕೊನೆಯ ಸಾಲು

ನಮ್ಮ ಹಳೆ ಕಾಗದಗಳು 'ಉಭಯಕುಶಲೋಪರಿ' ಅಂತ ಶುರುವಾಗುತ್ತವೆ ಅಲ್ವಾ, ಹಾಗೆ ಜೋನ್ಸ್ ಪತ್ರಗಳಿಗೂ ಒಂದು ರೂಢಿ ಇದೆ, ಅದು ಕೊನೆಯಲ್ಲಿ ಬರುತ್ತದೆ: ಆಳುಗಳು 'ಹೌಡಿ' ಹೇಳಿದ್ದಾರೆ, ಅಂತ. ಹೌಡಿ ಅಂದರೆ 'ಹೇಗಿದ್ದೀರಿ' ಅನ್ನುವುದರ ಆಡುರೂಪ. ಒಂದು ಸಾಲು, ಒಮ್ಮೊಮ್ಮೆ ಹೆಸರುಗಳ ಸಮೇತ. ಮೊದಲ ಓದಿಗೆ ಇದು ಮನೆಯೊಳಗಿನ ಅಕ್ಕರೆಯ ಹಾಗೆ ಕಾಣುತ್ತದೆ.

ಆ ಜನ ತಾವೇ ಯಾಕೆ ಬರೆಯಲಿಲ್ಲ? ಗುಲಾಮರಿಗೆ ಓದು-ಬರಹ ಕಲಿಸುವುದು ಜಾರ್ಜಿಯಾದಲ್ಲಿ ಅಪರಾಧ. 1829ರ ಕಾಯ್ದೆ ಅದಕ್ಕೆ ಶಿಕ್ಷೆ ಇಟ್ಟಿತ್ತು. ಪಾದ್ರಿ ಜೋನ್ಸ್ ಗುಲಾಮರಿಗೆ ಧರ್ಮಬೋಧೆ ಮಾಡುವುದರಲ್ಲಿ ಹೆಸರಾದವರು, 1842ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದರು. ಆದರೆ ಅವರ ಪಾಠವೆಲ್ಲ ಬಾಯಿಪಾಠ. ಅಕ್ಷರ ಕೈಗೆ ಸಿಗದ ಹಾಗೆ ಧರ್ಮ ಕಲಿಸುವ ವಿಧಾನ ಅದು.

1850ರಿಂದ 53ರ ವರೆಗೆ ಜೋನ್ಸ್ ಸಂಸಾರ ಫಿಲಡೆಲ್ಫಿಯಾದಲ್ಲಿತ್ತು. ಆಗ ತೋಟದ ಮೇಸ್ತ್ರಿ ಕೇಟೋ, ತಾನೂ ಗುಲಾಮ, ಒಡೆಯರಿಗೆ ವರದಿ ಕಳಿಸುತ್ತಿದ್ದ. ಅವನು ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು. ಆ ಕಾಗದಗಳು ಉಳಿದಿವೆ. ಅವುಗಳಲ್ಲಿ ಬೆಳೆಯ ಲೆಕ್ಕವಿದೆ, ವಿನಯವಿದೆ. ಬರೆದುಕೊಳ್ಳುವವನ ಎದುರಿಗೆ ಹೇಳಬಹುದಾದದ್ದು ಮಾತ್ರ ಇದೆ ಅನ್ನುವುದನ್ನು ಮರೆತು ಓದಿದರೆ ಮೋಸಹೋಗುತ್ತೇವೆ.

ಈಗ ಫೀಬಿಯ ಪತ್ರಕ್ಕೆ ಬರುತ್ತೇನೆ. ಫೀಬಿ ಮತ್ತು ಕ್ಯಾಸಿಯಸ್ ಜೋನ್ಸ್ ಮನೆಯ ಗುಲಾಮ ದಂಪತಿ. 1856ರಲ್ಲಿ ಫೀಬಿಯ ಮಗಳು ಜೇನ್ ಸವಾನ್ನಾಕ್ಕೆ ಓಡಿಹೋದಳು. ಹೆಸರು ಬದಲಿಸಿಕೊಂಡು ಕೆಲಸಕ್ಕಿದ್ದಳು, ಸಿಕ್ಕಿಬಿದ್ದಳು. ಜೋನ್ಸ್ ತಂದೆ-ಮಗ ಕಾಗದದಲ್ಲಿ ಚರ್ಚೆ ಮಾಡಿ ಆ ಸಂಸಾರವನ್ನು ಮಾರಿದರು. ಒಟ್ಟಿಗೇ ಮಾರಬೇಕು, ಒಳ್ಳೆಯ ಒಡೆಯನಿಗೆ ಮಾರಬೇಕು ಎಂಬ ಕಾಳಜಿಯೂ ಆ ಪತ್ರಗಳಲ್ಲಿದೆ, ಬೆಲೆಯ ಮಾತೂ ಇದೆ. ಕೊಂಡವನು ಮಾತಿಗೆ ತಪ್ಪಿದ. ಅವರು ಹೋಗಿ ಸೇರಿದ್ದು ದೂರದ ನ್ಯೂ ಆರ್ಲಿಯನ್ಸ್‌ಗೆ.

ಅಲ್ಲಿಂದ 1857ರ ಮಾರ್ಚ್‌ನಲ್ಲಿ ಒಂದು ಕಾಗದ ಬಂತು. ಫೀಬಿ ಮತ್ತು ಕ್ಯಾಸಿಯಸ್ ಹೆಸರಲ್ಲಿ, ಲಿಬರ್ಟಿ ಕೌಂಟಿಯ ಒಬ್ಬ ಬಿಳಿಯರ ವಿಳಾಸಕ್ಕೆ. ಅದರಲ್ಲಿ ಹಿಂದೆ ಉಳಿದ ಮಗಳಿಗೆ, ಬಂಧುಬಳಗಕ್ಕೆ ಹೆಸರು ಹಿಡಿದು ಹೌಡಿ ಹೇಳಿದ್ದಾರೆ. ಮೇಸ್ತ್ರಿ ಕೇಟೋಗೆ ಒಂದು ಮಾತು: ಇಲ್ಲಿ ನಾವು ಎಸೆಯುವ ಊಟವೇ ನಿಮ್ಮ ತೋಟಕ್ಕೆ ಸಾಕಾಗುವಷ್ಟು ಇದೆ, ಎಂಬ ಅರ್ಥದ್ದು. ಒಡೆಯರ ಪತ್ರದ ಕೊನೆಗೆ ಒಂದು ಸಾಲಾಗಿದ್ದ ಹೌಡಿ ಇಲ್ಲಿ ಇಡೀ ಕಾಗದವನ್ನೇ ತುಂಬಿದೆ. ಮತ್ತು ಅದು ಒಡೆಯರಿಗೆ ಹೇಳಿದ್ದಲ್ಲ, ತಮ್ಮವರಿಗೆ ಹೇಳಿದ್ದು. ನಾನು ಇದನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

1862ರ ಜುಲೈ ಹೊತ್ತಿಗೆ ಗುಲಾಮರು ಕರಾವಳಿಯಲ್ಲಿದ್ದ ಉತ್ತರದವರ ಹಡಗುಗಳಿಗೆ ಓಡಿಹೋಗತೊಡಗಿದರು. ಕೌಂಟಿಯಿಂದ ಆಗಲೇ 51 ಮಂದಿ ಹೋದರೆಂದು ಹಿರಿಯ ಜೋನ್ಸ್ ಮಗನಿಗೆ ಬರೆಯುತ್ತಾರೆ. ಜೀವಮಾನವಿಡೀ ಅವರಿಗೆ ಬೋಧಿಸಿದ ಪಾದ್ರಿಯ ಪತ್ರದಲ್ಲಿ ಈಗ ಅವರು ದ್ರೋಹಿಗಳು. ಹೌಡಿ ಹೇಳುತ್ತಿದ್ದವರು ಏನು ಯೋಚಿಸುತ್ತಿದ್ದರು ಅನ್ನುವುದು ಇಷ್ಟು ಪತ್ರಗಳಲ್ಲಿ ಒಡೆಯರಿಗೆ ಗೊತ್ತೇ ಆಗಿರಲಿಲ್ಲ.

ಎರ್ಸ್‌ಕಿನ್ ಕ್ಲಾರ್ಕ್ ಎಂಬ ಇತಿಹಾಸಕಾರರು 2005ರಲ್ಲಿ 'ಡ್ವೆಲಿಂಗ್ ಪ್ಲೇಸ್' ಬರೆದರು. 1805ರಿಂದ 1869ರ ವರೆಗಿನ ನಾಲ್ಕು ತಲೆಮಾರಿನ ಕಥೆ. ಆಧಾರ ಬಹುಪಾಲು ಅದೇ ಮನೆಯ ಪತ್ರಗಳು, ಜೊತೆಗೆ ಆಸ್ತಿಪಟ್ಟಿ, ಚರ್ಚಿನ ದಾಖಲೆಗಳು. ಆದರೆ ಅಲ್ಲಿ ಎರಡು ವಂಶಾವಳಿಗಳಿವೆ: ಒಡೆಯರದ್ದು ಮತ್ತು ಗುಲಾಮರದ್ದು. ಕೊನೆಯ ಸಾಲಿನ ಹೆಸರುಗಳನ್ನು ಒಂದೊಂದಾಗಿ ಹೆಕ್ಕಿ, ಯಾರು ಯಾರ ಮಗಳು, ಯಾರು ಯಾರ ಗಂಡ ಅಂತ ಜೋಡಿಸಿದ ಕೆಲಸ ಅದು.

ಇನ್ನೊಂದು ಸಂಗತಿ ಭಾಷೆಯವರಾದ ನಮಗೆ ಮುಖ್ಯ. ಹಿರಿಯ ಮಗ ಚಾರ್ಲ್ಸ್ 1888ರಲ್ಲಿ ಜಾರ್ಜಿಯಾ ಕರಾವಳಿಯ ಕಪ್ಪು ಜನರ ಕಥೆಗಳನ್ನು ಅವರದೇ ಗಲ್ಲಾ ನುಡಿಯಲ್ಲಿ ಅಚ್ಚು ಮಾಡಿಸಿದರು. ಚಿಕ್ಕಂದಿನಿಂದ ಕಿವಿಗೆ ಬಿದ್ದ ನುಡಿ ಅದು. ತೋಟದಲ್ಲಿ ದಿನವಿಡೀ ಆಡುತ್ತಿದ್ದ ಆ ಮಾತು ಮನೆಯ ಪತ್ರಗಳ ಶಿಷ್ಟ ಇಂಗ್ಲಿಷಿನಲ್ಲಿ ಕಾಣುವುದು ಅಪರೂಪ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಕಾಗದದಲ್ಲಿ ಮಾತ್ರ ಗ್ರಾಂಥಿಕ ಕನ್ನಡ ಇರುವ ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ.

ನಾಲ್ಕನೆಯ ಕಾಲಂ

ರಜೆ ಮುಗಿಯುವ ಮೊದಲು ಟ್ರಂಕನ್ನು ಮತ್ತೆ ತೆಗೆದೆ. ನಾಲ್ಕನೆಯ ಕಾಲಂ: ಬರೆಯದೆ ಬರೀ ಹೆಸರಾಗಿ ಬಂದವರು ಯಾರು? ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬರ ಹೆಸರು ಹನ್ನೊಂದು ಕಾಗದಗಳಲ್ಲಿ ಸಿಕ್ಕಿತು. 'ನಿನ್ನನ್ನು ಕೇಳಿದ್ದೇನೆಂದು ಬರೆಯಲು ಹೇಳಿದ್ದಾರೆ' ಅಂತ ಅಜ್ಜನ ಅಕ್ಷರ. ಅಜ್ಜಿಯನ್ನು ಕೇಳಿದರೆ, 'ಅವರ ಮಗಳು ಈಗಲೂ ಇದ್ದಾಳೆ, ಹೋಗಿ ಮಾತಾಡು ಮಗಾ' ಅಂದರು. ಹೋಗಿ ಬಂದಿದ್ದೇನೆ. ಅವರ ಬಳಿ ಒಂದು ಕಾಗದವೂ ಇಲ್ಲ, ಹೇಳಲಿಕ್ಕೆ ಬೇಕಾದಷ್ಟಿದೆ.

ಮಾತಿನ ಕೊನೆಗೆ ಮೇಡಂ ಒಬ್ಬರು ಕೇಳಿದರು: ಅಲ್ಲಿಯ ಗುಲಾಮಗಿರಿಯನ್ನೂ ಇಲ್ಲಿಯ ಒಕ್ಕಲು, ಆಳುಗಳನ್ನೂ ಒಂದೇ ತಕ್ಕಡಿಗೆ ಹಾಕುತ್ತೀರಾ? ಇಲ್ಲ ಮೇಡಂ. ಅಲ್ಲಿ ಮನುಷ್ಯರನ್ನು ಮಾರುವುದಕ್ಕೆ 1865ರ ವರೆಗೂ ಕಾನೂನಿನ ಬೆಂಬಲವಿತ್ತು. ಹಳೆಯ ದಕ್ಷಿಣ ಕನ್ನಡದಲ್ಲಿ ಮೂಲದಾಳು ಪದ್ಧತಿ ಇತ್ತು, 1843ರ ಕಾಯ್ದೆ ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆ ತೆಗೆದ ಮೇಲೂ ಜೀತ ಬೇರೆ ರೂಪದಲ್ಲಿ ಉಳಿಯಿತು. ಅದನ್ನು ಅದರ ದಾಖಲೆಗಳಿಂದಲೇ ಓದಬೇಕು. ನಾನು ಜೋನ್ಸ್ ಪತ್ರಗಳಿಂದ ತೆಗೆದುಕೊಂಡದ್ದು ಓದುವ ಕ್ರಮ ಒಂದನ್ನೇ. ನಾವೆಲ್ಲ ಸೇರಿ ಗಡಿಯ ಮನೆಗಳ ಕಾಗದ ಸಂಗ್ರಹಿಸಲಿಕ್ಕೆ ಹೊರಟಿದ್ದೇವೆ. ಟ್ರಂಕು ಇರುವ ಮನೆಗಳಿಗೆ ಮಾತ್ರ ಹೋದರೆ ಗಡಿನಾಡ ಕನ್ನಡದ ಅರ್ಧ ಕಥೆ ಸಿಗುತ್ತದೆ. ಪಟ್ಟಿಯಲ್ಲಿ ನಾಲ್ಕನೆಯ ಕಾಲಂ ಈಗಲೇ ಹಾಕಿಕೊಳ್ಳೋಣ ಅಂತ ನನ್ನ ಕೋರಿಕೆ.