ಲೇಖನಿ ಯಾರ ಕೈಯಲ್ಲಿ?

ಇಂಗ್ಲಿಷ್ ಬೋಧನೆಯ ವಿಷಯದಲ್ಲಿ ಕನ್ನಡ ಪಂಡಿತನು ಬಾಯಿಹಾಕುವುದು ಅಧಿಕಪ್ರಸಂಗವೆನಿಸಬಹುದು. ಆದರೂ ರಾಯಾಪುರದ ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಇಂಗ್ಲಿಷ್ ಪಾಠವೊಂದನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ ಮೇಲೆ ಸುಮ್ಮನಿರಲಾರದಾದೆನು.

ಅಂದು ಅಧ್ಯಾಪಕರು ಮಕ್ಕಳನ್ನು ಇಬ್ಬಿಬ್ಬರಂತೆ ಕೂಡಿಸಿ ಪತ್ರವೊಂದನ್ನು ಬರೆಯಿಸಿದರು. ಇದನ್ನು ಸಹಲೇಖನವೆನ್ನೋಣ. ಇದರ ಪ್ರಯೋಜನ ಸಣ್ಣದಲ್ಲ. ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃಪದದ ಬೆನ್ನಿಗೇ. ‘ಎ’, ‘ದಿ’ ಎಂಬ ಉಪಪದಗಳಂತೂ ನಮ್ಮಲ್ಲಿಲ್ಲ. ಒಂಟಿಯಾಗಿ ಬರೆಯುವ ವಿದ್ಯಾರ್ಥಿಯು ಇವನ್ನು ಊಹೆಯಿಂದ ದಾಟಿಬಿಡುತ್ತಾನೆ. ಇಬ್ಬರಿದ್ದರೆ ‘ಏಕೆ’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ನಿಯೋಮಿ ಸ್ಟಾರ್ಚ್ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊತೆಗೂಡಿ ಬರೆದವರ ಬರಹವು ಒಂಟಿಯಾಗಿ ಬರೆದವರದಕ್ಕಿಂತ ಗಾತ್ರದಲ್ಲಿ ಕಿರಿದು, ವ್ಯಾಕರಣಶುದ್ಧಿಯಲ್ಲಿ ಮೇಲೆಂದು ಕಂಡುಬಂದಿತು.

ಆದರೆ ನಾನು ಕಂಡದ್ದು ಬೇರೆ. ಹುಡುಗ-ಹುಡುಗಿಯರ ಜೊತೆಗಳಲ್ಲಿ ಲೇಖನಿಯು ಬಹುಮಟ್ಟಿಗೆ ಹುಡುಗಿಯ ಕೈಯಲ್ಲಿ, ಮಾತು ಹುಡುಗನ ಬಾಯಲ್ಲಿ. ಅವಳ ಅಕ್ಷರ ದುಂಡಗಿದೆಯೆಂಬುದೇ ಕಾರಣ! ಒಂದು ಪತ್ರದಲ್ಲಿ ಕ್ರಿಯಾಪದ ತಪ್ಪಿತ್ತು. ಕೇಳಿದೆ. “ತಪ್ಪಂತ ನನಗ ಗೊತ್ತಿತ್ರಿ ಸರ. ಅಂವಾ ಹೇಳಿದಾ, ನಾ ಬರದೆ” ಎಂದಳು. ಇಂಥವಳು ಒಬ್ಬಳೇ ಬರೆಯುವೆನೆಂದರೆ ಅದನ್ನು ಹೆಣ್ಣುಮಕ್ಕಳ ಸಂಕೋಚಸ್ವಭಾವವೆನ್ನುವುದು ನ್ಯಾಯವೆ? ಹುಡುಗನಿಗೇನೋ ಸಹಲೇಖನ ಬಲು ಇಷ್ಟ. ಏಕಾಗದು? ಒಬ್ಬರು ಆಳಿ ಇನ್ನೊಬ್ಬರು ಸುಮ್ಮನಿರುವ ಜೊತೆಗಳಲ್ಲಿ ಕಲಿಕೆ ಕಡಿಮೆಯೆಂದು ಸ್ಟಾರ್ಚ್ ಅವರೇ 2002ರಲ್ಲಿ ತೋರಿಸಿದ್ದರು. (ಬರೆದ ಕೈ ಒಂದು, ಹೆಸರು ಇನ್ನೊಂದೆಂಬ ಸಂಶಯ ಹಳೆಯದೇ, ‘ಕವಿರಾಜಮಾರ್ಗ’ವು ನೃಪತುಂಗನದೋ ಶ್ರೀವಿಜಯನದೋ ಎಂಬ ಚರ್ಚೆಗೆ ನಾವು ಪಂಡಿತರು ಸವೆಸಿದ ಕಾಗದ ಅಷ್ಟಿಷ್ಟಲ್ಲ.)

‘ಶಾಲೆ ಬಿಟ್ಟ ಮೇಲೆ ಕೂಡಿ ಬರೆದು ತನ್ನಿ’ ಎನ್ನುವ ರೂಢಿಯೂ ಉಂಟು. ಹುಡುಗರು ಬಯಲಿನಲ್ಲಿ ಕುಳಿತಾರು. ದೀಪ ಹಚ್ಚುವ ಹೊತ್ತಿಗೆ ಮುನ್ನ ಹುಬ್ಬಳ್ಳಿಯ ಅಥವಾ ಧಾರವಾಡದ ಬಸ್ಸು ಹಿಡಿಯಬೇಕಾದ ಹುಡುಗಿಯು ಏನು ಮಾಡಬೇಕು? ಈ ಕೆಲಸ ತರಗತಿಯಲ್ಲೇ ಮುಗಿಯತಕ್ಕದ್ದು.

ನನ್ನ ಬಿನ್ನಹವನ್ನು ಇಂಗ್ಲಿಷ್ ಅಧ್ಯಾಪಕರು ಮನ್ನಿಸಿದರು. ಅಂದಿನಿಂದ ಪ್ರತಿ ನಾಲ್ಕು ಸಾಲಿಗೆ ಲೇಖನಿ ಕೈಬದಲಾಗುತ್ತದೆ. ಬರೆಯದಿರುವವರು ಪ್ರತಿ ತಿದ್ದುಪಡಿಗೂ ಕಾರಣ ಹೇಳಬೇಕು. ಮೂರನೆಯ ವಾರ ಅದೇ ಹುಡುಗಿ, “ಅಲ್ಲೋ, ಅದು ನಿನ್ನಿ ಮಾತು, ಕ್ರಿಯಾಪದ ಬದಲ್ ಮಾಡು” ಎಂದು ಅವನ ಕೈ ತಡೆದಳು. ಹುಡುಗನ ಸರದಿಯಲ್ಲಿ ಇನ್ನೊಂದು ಗುಟ್ಟು ಹೊರಬಿದ್ದಿತು: ಅಷ್ಟು ಮಾತನಾಡುವವನಿಗೆ ಸಾಧಾರಣ ಪದಗಳ ಸ್ಪೆಲಿಂಗೇ ಬಾರದು. ವರ್ಷವೆಲ್ಲ ಆ ಹುಡುಗಿಯ ದುಂಡಕ್ಷರದ ಮರೆಯಲ್ಲಿ ಅವನು ಅದನ್ನು ಅಡಗಿಸಿಕೊಂಡಿದ್ದನು. ಅಧ್ಯಾಪಕರು ಈಗ ದಿನಕ್ಕೆ ಹತ್ತು ಪದಗಳಂತೆ ಅವನಿಂದ ಬೇರೆಯಾಗಿ ಬರೆಯಿಸುತ್ತಿದ್ದಾರೆ.