ಅಸ್ಥಿಪಂಜರಕ್ಕೆ ಹುಟ್ಟು ಹಿಡಿಸಿದ ಕೋಚ್

ಹೈರಮ್ ಕಾನಿಬೇರ್ 1907ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಯಿಂಗ್ ತಂಡಕ್ಕೆ ಕೋಚ್ ಆದರು. ಆ ಹೊತ್ತಿಗೆ ರೋಯಿಂಗ್ ಬಗ್ಗೆ ಅವರಿಗೆ ಏನೇನೂ ಗೊತ್ತಿರಲಿಲ್ಲ. ಆಟಗಾರರ ಮೈಕೈ ಪಳಗಿಸುವುದು ಅವರ ಕಸುಬು. ಸೈಕಲ್ ಸವಾರರು, ಓಟಗಾರರು, ಫುಟ್‌ಬಾಲ್ ಹುಡುಗರು ಅವರ ಕೈಯಲ್ಲಿ ತಯಾರಾಗಿದ್ದರು. 1906ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ಶಿಕಾಗೊ ವೈಟ್ ಸಾಕ್ಸ್ ಬೇಸ್‌ಬಾಲ್ ತಂಡದ ಟ್ರೈನರ್ ಕೂಡ ಅವರೇ. ದೋಣಿ ಕಟ್ಟಿದ ಊರಿನವರಲ್ಲ, ಇಲಿನಾಯ್ಸ್‌ನ ಬಯಲು ಸೀಮೆಯವರು.

ಅಮೆರಿಕದ ಕಾಲೇಜು ರೋಯಿಂಗ್‌ನಲ್ಲಿ ಹೆಸರಾಂತ ಕೋಚ್‌ಗಳಿಗೆ ಕೊರತೆಯಿಲ್ಲ. ಹಾರ್ವರ್ಡ್‌ನ ಹ್ಯಾರಿ ಪಾರ್ಕರ್ ಒಂದೇ ಕಾಲೇಜಿನಲ್ಲಿ ಅರ್ಧ ಶತಮಾನ ಕಲಿಸಿದರು. ಆದರೂ ನನ್ನ ಮನಸ್ಸು ಈ ಕಾನಿಬೇರ್ ಹತ್ತಿರವೇ ನಿಂತುಬಿಡುತ್ತದೆ. ಅದಕ್ಕೆ ಕಾರಣ ಒಂದು ಅಸ್ಥಿಪಂಜರ.

ಕಲಿಸಬೇಕಾದವರು ತಾವೇ ಕಲಿಯಬೇಕಾಗಿ ಬಂದಾಗ ಕಾನಿಬೇರ್ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಮನುಷ್ಯನ ಅಸ್ಥಿಪಂಜರವೊಂದನ್ನು ಎರವಲು ತಂದರು. ದೋಣಿಯೊಳಗಿನ ಸರಿದಾಡುವ ಪೀಠದ ಮೇಲೆ ಅದನ್ನು ಕೂರಿಸಿ ಬಿಗಿದರು. ಕೈಬೆರಳುಗಳಿಗೆ ಹುಟ್ಟಿನ ಬದಲು ಪೊರಕೆಯ ಕೋಲನ್ನು ಕಟ್ಟಿದರು. ಆಮೇಲೆ ಅದನ್ನು ಹಿಂದೆ ಮುಂದೆ ಜರುಗಿಸುತ್ತಾ ಮೊಣಕಾಲು ಎಲ್ಲಿಯವರೆಗೆ ಮಡಚುತ್ತದೆ, ಸೊಂಟ ಯಾವಾಗ ಬಿಚ್ಚಿಕೊಳ್ಳುತ್ತದೆ, ಬೆನ್ನುಮೂಳೆ ಎಲ್ಲಿ ಬಳುಕಿ ಎಲ್ಲಿ ತಡೆಯುತ್ತದೆ ಎಂದು ನೋಡುತ್ತಾ ಕೂತರು. ಮಾಂಸ, ಚರ್ಮ, ಬಟ್ಟೆ ಎಲ್ಲವನ್ನೂ ಕಳೆದು ಬರೀ ಎಲುಬನ್ನು ಕೇಳಿದರೆ ಅದು ಸುಳ್ಳು ಹೇಳಲಾರದು ಎಂಬ ನಂಬಿಕೆ ಅವರದು. ಹೊಸ ಕೆಲಸಕ್ಕೆ ಬಂದ ಮನುಷ್ಯ ಹಳಬರ ಮಾತನ್ನು ಬಾಯಿಪಾಠ ಮಾಡಿ ದಿನ ನೂಕಬಹುದಿತ್ತು. ಇವರು ಹಾಗೆ ಮಾಡಲಿಲ್ಲ.

ಎಂಟು ಹುಟ್ಟಿನ ರೇಸ್ ದೋಣಿ ಸುಮಾರು 60 ಅಡಿ ಉದ್ದ, ಎರಡಡಿ ಅಗಲ. ಒಬ್ಬೊಬ್ಬರಿಗೆ ಒಂದೊಂದೇ ಹುಟ್ಟು. ಅವರೆಲ್ಲ ಗುರಿಗೆ ಬೆನ್ನು ಮಾಡಿ ಕೂರುತ್ತಾರೆ. ಹೋಗುವ ದಾರಿ ಕಾಣುವುದು ಹಿಂತುದಿಯಲ್ಲಿ ಕೂತು ಕೂಗಿ ಹೇಳುವ ಕಾಕ್ಸ್‌ಗೆ ಮಾತ್ರ. ಪಾದಗಳು ಹಲಗೆಗೆ ಬಿಗಿದಿರುತ್ತವೆ, ಪೀಠ ಹಳಿಯ ಮೇಲೆ ಜಾರುತ್ತದೆ. ಮೊಣಕಾಲು ಮಡಚಿ ಮುಂದೆ ಬಾಗಿ ಹುಟ್ಟನ್ನು ನೀರಿಗಿಳಿಸಬೇಕು, ಕಾಲನ್ನು ಒದ್ದು ಚಾಚಬೇಕು, ಕೊನೆಗೆ ತೋಳೆಳೆದು ಹುಟ್ಟನ್ನು ಮೇಲೆತ್ತಬೇಕು. ಮೇಲೆತ್ತುವ ಮುಂಚೆ ಬೆನ್ನನ್ನು ಎಷ್ಟು ಹಿಂದಕ್ಕೆ ವಾಲಿಸಬೇಕು ಎಂಬಲ್ಲಿಯೇ ಜಗಳ. ಇಂಗ್ಲೆಂಡಿನ ಶಿಷ್ಟ ಪದ್ಧತಿಯಲ್ಲಿ ಚೆನ್ನಾಗಿ ಹಿಂದೆ ವಾಲುವುದೇ ಸೊಗಸು. ಕಾನಿಬೇರ್ ಶುರುವಿನಲ್ಲಿ ಕಲಿಸಿದ್ದೂ ಅದನ್ನೇ.

ಆ ಪಾಠ ಬದಲಾದದ್ದು ಇಬ್ಬರು ಬಡಗಿಗಳಿಂದ. ಜಾರ್ಜ್ ಮತ್ತು ಡಿಕ್ ಪೊಕಾಕ್ ಅಣ್ಣತಮ್ಮಂದಿರ ತಂದೆ ಇಂಗ್ಲೆಂಡಿನ ಈಟನ್ ಶಾಲೆಗೆ ದೋಣಿ ಕಟ್ಟಿಕೊಡುತ್ತಿದ್ದವರು. ಮಕ್ಕಳು 1911ರಲ್ಲಿ ಕೆನಡಾದ ವ್ಯಾಂಕೂವರ್‌ಗೆ ವಲಸೆ ಬಂದು, ಅಲ್ಲಿನ ಬಂದರಿನಲ್ಲಿ ತೇಲುವ ಕಾರ್ಯಾಗಾರ ಹಾಕಿಕೊಂಡಿದ್ದರು. 1912ರಲ್ಲಿ ಒಂದು ದಿನ ಯಾರೋ ಒಬ್ಬರು ಪುಟ್ಟ ದೋಣಿಯಲ್ಲಿ ನೀರನ್ನೆಲ್ಲ ಚೆಲ್ಲಾಡುತ್ತಾ, ಅಡ್ಡಾದಿಡ್ಡಿ ಹುಟ್ಟು ಹಾಕುತ್ತಾ ತಮ್ಮ ಕಡೆಗೆ ಬರುವುದು ಅವರಿಗೆ ಕಂಡಿತು. ಹತ್ತಿರ ಬಂದವರು ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಯಿಂಗ್ ಕೋಚ್ ಎಂದು ಪರಿಚಯ ಹೇಳಿಕೊಂಡಾಗ ಅಣ್ಣತಮ್ಮಂದಿರಿಗೆ ನಂಬಿಕೆಯೇ ಬರಲಿಲ್ಲ. ಜಾರ್ಜ್ ವಯಸ್ಸಾದ ಮೇಲೂ ಹೇಳುತ್ತಿದ್ದ ಪ್ರಸಂಗ ಇದು. ಹನ್ನೆರಡು ದೋಣಿ ಬೇಕು, ಸಿಯಾಟಲ್‌ಗೆ ಬನ್ನಿ ಎಂದು ಕಾನಿಬೇರ್ ಕರೆದರು. ಆದರೆ ಕೊನೆಗೆ ಕೂಡಿದ ದುಡ್ಡು ಒಂದೇ ದೋಣಿಗೆ ಸಾಲುವಷ್ಟಿತ್ತು. ಪೊಕಾಕ್‌ಗಳು ಆಗಲೂ ಬಂದರು.

ಇವರಿಗೆ ಥೇಮ್ಸ್ ನದಿಯ ಅಂಬಿಗರ ಪಟ್ಟು ಗೊತ್ತಿತ್ತು. ದಿನವಿಡೀ ಜನರನ್ನು ದಡ ದಾಟಿಸಿ ಹೊಟ್ಟೆ ಹೊರೆಯುವವರು ಪ್ರತಿ ಎಳೆತಕ್ಕೂ ಬೆನ್ನನ್ನು ಹಿಂದಕ್ಕೆ ಕೆಡವಿದರೆ ಸಂಜೆಯ ಹೊತ್ತಿಗೆ ಏಳಲಾರರು. ಅವರ ಎಳೆತ ಗಿಡ್ಡ, ಚುರುಕು, ಬಲವೆಲ್ಲ ಕಾಲಿನದು. ತನ್ನ ಪಾಠದಲ್ಲಿ ಏನು ತಪ್ಪಿದೆ ಎಂದು ಕಾನಿಬೇರ್ ಈ ಬಡಗಿಗಳನ್ನು ಕೇಳಿದರು, ಅವರು ಹೇಳಿದ್ದನ್ನು ಎಲುಬುಗಳ ಲೆಕ್ಕದೊಡನೆ ಹೊಂದಿಸಿದರು. ಅಮೆರಿಕದಲ್ಲಿ ಮುಂದೆ ‘ಕಾನಿಬೇರ್ ಸ್ಟ್ರೋಕ್’ ಎಂದು ಹೆಸರಾದ ಶೈಲಿಯ ಬೇರು ಇಲ್ಲಿದೆ. ಹೆಸರು ಕೋಚ್‌ಗೆ ಬಂತು. ಅದರಲ್ಲಿ ಅರ್ಧ ಪಾಲು ಹೆಸರಿಲ್ಲದ ಥೇಮ್ಸ್ ಅಂಬಿಗರದು ಎಂದೇ ನನ್ನ ಎಣಿಕೆ.

1913ರಲ್ಲಿ ಅವರ ಹುಡುಗರು ದೇಶದ ಇನ್ನೊಂದು ತುದಿಗೆ, ಹಡ್ಸನ್ ನದಿಯ ಪೊಕೀಪ್ಸಿಗೆ ಹೋಗಿ ನಾಲ್ಕು ಮೈಲಿ ಸ್ಪರ್ಧೆಯಲ್ಲಿ ಸಿರಕ್ಯೂಸ್, ಕಾರ್ನೆಲ್ ತಂಡಗಳ ಹಿಂದೆ ಮೂರನೆಯವರಾಗಿ ಬಂದರು. ಪೂರ್ವದ ಹಳೆಯ ಕಾಲೇಜುಗಳು ತಿರುಗಿ ನೋಡಿದ್ದು ಆಗ. ಕಾನಿಬೇರ್ ಅದಕ್ಕಿಂತ ಹೆಚ್ಚಿನದನ್ನು ಕಾಣಲಿಲ್ಲ. 1917ರ ಸೆಪ್ಟೆಂಬರ್‌ನಲ್ಲಿ ಮನೆಯಂಗಳದ ಪ್ಲಮ್ ಮರ ಹತ್ತಿ ಹಣ್ಣು ಕೀಳುವಾಗ ಬಿದ್ದು ತೀರಿಕೊಂಡರು. ಹತ್ತು ವರ್ಷದ ಕೋಚ್‌ಗಿರಿ, ಅಷ್ಟೇ.

ಶಿಷ್ಯರ ಸಾಧನೆ ನೋಡಿದರೆ ಆ ಹತ್ತು ವರ್ಷದ ತೂಕ ತಿಳಿಯುತ್ತದೆ. ಎಡ್ ಲೀಡರ್ ಯೇಲ್‌ಗೆ ಹೋಗಿ 1924ರ ಒಲಿಂಪಿಕ್ಸ್ ಚಿನ್ನ ತಂದರು. ಕೈ ಎಬ್ರೈಟ್ ಕ್ಯಾಲಿಫೋರ್ನಿಯಾ ತಂಡದೊಡನೆ 1928, 1932, 1948ರಲ್ಲಿ ಮೂರು ಸಲ ಗೆದ್ದರು. ರಸ್ಟಿ ಕ್ಯಾಲೊ ವಾಷಿಂಗ್ಟನ್‌ನಲ್ಲೇ ಕೋಚ್ ಆಗಿ, ಬಹಳ ಕಾಲದ ಮೇಲೆ ನೌಕಾಪಡೆಯ ತಂಡದೊಡನೆ 1952ರಲ್ಲಿ ಗೆದ್ದರು. ಕ್ಯಾಲೊ ಕೈಕೆಳಗೆ ಹುಟ್ಟು ಹಾಕಿದ ಆಲ್ ಉಲ್‌ಬ್ರಿಕ್‌ಸನ್ 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ವಾಷಿಂಗ್ಟನ್‌ನ ತಂಡ ಕಟ್ಟಿದರು. ಪ್ರಯಾಣದ ಖರ್ಚಿಗೆ 5,000 ಡಾಲರ್ ಹೊಂದಿಸದಿದ್ದರೆ ಅವಕಾಶ ಬೇರೆಯವರಿಗೆ ಎಂಬ ಮಾತು ಬಂದಾಗ, ಆರ್ಥಿಕ ಮುಗ್ಗಟ್ಟಿನ ನಡುವೆಯೂ ಸಿಯಾಟಲ್‌ನ ಜನ ಕೆಲವೇ ದಿನದಲ್ಲಿ ಚಂದಾ ಎತ್ತಿಕೊಟ್ಟರು. ಹಿಟ್ಲರ್ ನೋಡುತ್ತಿದ್ದ ಆ ಫೈನಲ್‌ನಲ್ಲಿ ಅವರು 6 ನಿಮಿಷ 25.4 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ಇಟಲಿ 0.6 ಸೆಕೆಂಡ್ ಹಿಂದೆ, ಜರ್ಮನಿ ಪೂರ್ತಿ ಒಂದು ಸೆಕೆಂಡ್ ಹಿಂದೆ. ಗೆದ್ದ ದೋಣಿ ‘ಹಸ್ಕಿ ಕ್ಲಿಪ್ಪರ್’ ಅದೇ ಜಾರ್ಜ್ ಪೊಕಾಕ್ ಸೀಡರ್ ಮರದಲ್ಲಿ ಕಟ್ಟಿದ್ದು.

ಈಗ ರೇಸ್ ದೋಣಿಗಳು ಬಹುಪಾಲು ಕಾರ್ಬನ್ ಫೈಬರ್‌ನವು. ಮರದ ದೋಣಿಯಾದರೆ ಹೊರಹಲಗೆಯ ದಪ್ಪ ಎರಡೂವರೆ ಮಿಲಿಮೀಟರ್ ಕೂಡ ಇರುತ್ತಿರಲಿಲ್ಲ. ಅದನ್ನು ಹಬೆಯಲ್ಲಿ ಬಾಗಿಸಿ ಚೌಕಟ್ಟಿಗೆ ಹೊದಿಸಬಲ್ಲ ಕೈಗಳು ಅಪರೂಪವಾಗಿವೆ. ಕೋಚ್ ದಡದಲ್ಲಿ, ಬಡಗಿ ವಿಶ್ವವಿದ್ಯಾಲಯದ ದೋಣಿಮನೆಯ ಅಟ್ಟದಲ್ಲಿ ಇದ್ದ ಕಾಲದಲ್ಲಿ ಒಬ್ಬರ ಸಂದೇಹಕ್ಕೆ ಇನ್ನೊಬ್ಬರಲ್ಲಿ ಉತ್ತರವಿರುತ್ತಿತ್ತು. ಆ ನೆರೆಹೊರೆ ಹೋದದ್ದು ನಷ್ಟವೇ. ಆ ದೋಣಿಮನೆಯ ಸೂರು ಮಾತ್ರ ಉಳಿದಿದೆ. ಮೊದಲ ಮಹಾಯುದ್ಧದ ಸಮಯದಲ್ಲಿ ನೌಕಾಪಡೆ ನೀರ್ವಿಮಾನಗಳಿಗೆಂದು ಕಟ್ಟಿದ ಮರದ ಶೆಡ್ ಅದು. 1949ರವರೆಗೆ ದೋಣಿಮನೆಯಾಗಿತ್ತು, ಇತ್ತೀಚಿನ ವರ್ಷಗಳಲ್ಲಿ ವಿಶ್ವವಿದ್ಯಾಲಯ ದಾನಿಗಳ ನೆರವಿನಿಂದ ಅದರ ದುರಸ್ತಿಗೆ ಕೈಹಾಕಿತು. ನಂತರ ಕಟ್ಟಿದ ಹೊಸ ದೋಣಿಮನೆಗೆ ಕಾನಿಬೇರ್ ಹೆಸರಿಟ್ಟಿದ್ದಾರೆ. ‘ಹಸ್ಕಿ ಕ್ಲಿಪ್ಪರ್’ ತೂಗುಹಾಕಿರುವುದು ಅಲ್ಲೇ.

ಸಿಯಾಟಲ್‌ನಲ್ಲಿ ಕೆಲಸದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ಕನ್ನಡದ ತಂದೆತಾಯಿಗಳು ಈಗ ಬಹಳ. ಪ್ರತಿ ವರ್ಷ ಮೇ ತಿಂಗಳ ಮೊದಲ ಶನಿವಾರ ವಿಶ್ವವಿದ್ಯಾಲಯದ ಮಗ್ಗುಲಿನ ಮಾಂಟ್‌ಲೇಕ್ ಕಾಲುವೆಯಲ್ಲಿ ದೋಣಿ ಸ್ಪರ್ಧೆ ನಡೆಯುತ್ತದೆ. ದಡದಲ್ಲಿ ನಿಂತು ನೋಡಲು ಟಿಕೆಟ್ ಬೇಕಿಲ್ಲ. ಆ ದಿನ ಅಲ್ಲಿದ್ದರೆ ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ. ಸಾಧ್ಯವಾದರೆ ಹಳೆಯ ಶೆಡ್ಡನ್ನೂ ನೋಡಿ ಬನ್ನಿ.